ಅಬ್ಬಾ ಹೇಳಿದ ದೇವದಾರು

ಲಕ್ಷ್ಮೇಶ್ವರದ ಪೇಟೆಯಲ್ಲಿ ಬಡಗಿಗಳು ಇನ್ನೂ ಕೈಯಿಂದಲೇ ಕಟ್ಟಿಗೆ ಕೀಸುತ್ತಿದ್ದ ದಿನಗಳವು. ಅಬ್ಬಾನ ಅಂಗಡಿಯ ಹಿಂದೆಯೇ ನಮ್ಮ ಮನೆ. ಅಮ್ಮಿ ಸುಡುವ ರೊಟ್ಟಿಯ ವಾಸನೆಯೊಳಗೂ ಕಟ್ಟಿಗೆಯ ವಾಸನೆ ಬೆರೆತಿರುತ್ತಿತ್ತು. ಕೀಸಿದ ಸುರುಳಿಗಳನ್ನು ಬಳೆ ಮಾಡಿ ತೊಟ್ಟು ನಾನೂ ತಂಗಿಯೂ ಮದುವೆಯಾಟ ಆಡುತ್ತಿದ್ದೆವು.

ಐದನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಕನ್ನಡದ ಅಕ್ಕೋರು ಪಾಠ ಓದುತ್ತಾ, "ದೇವದಾರು ಅಂದ್ರ ದೇವರ ಮರ. ಹಿಮಾಲಯದಾಗ ಬೆಳಿತೈತಿ" ಎಂದರು.

ನಾನು ಎದ್ದು ನಿಂತೆ. "ಅಲ್ರಿ ಅಕ್ಕೋರ, ಅದು ಹಣ್ಣಿನ ಪೆಟ್ಟಿಗಿ ಕಟ್ಟಿಗಿ. ನಮ್ಮ ಅಂಗಡ್ಯಾಗ ರಾಶಿ ಬಿದ್ದೈತಿ."

ಇಡೀ ವರ್ಗ ನಕ್ಕಿತು. ಅಕ್ಕೋರು ಮಾತ್ರ ನಗಲಿಲ್ಲ. "ನಾಳೆ ನಿಮ್ಮ ಅಬ್ಬಾನ್ನ ಕರಕೊಂಡ ಬಾ" ಎಂದರು.

ಶಿಕ್ಷೆಯೇ ಎಂದುಕೊಂಡೆ. ಮನೆಯಲ್ಲಿ ವಿಷಯ ಕೇಳಿ ಅಬ್ಬಾ ಬೆವತರು. "ನಾ ಶಾಲಿ ಕಟ್ಟಿ ಹತ್ತಿದಾಂವಲ್ಲ. ಅಲ್ಲಿ ಏನ ಮಾತಾಡ್ಲಿ?"

ಮರುದಿನ ಶುಕ್ರವಾರದ ನಮಾಜಿನ ಬಿಳಿ ಅಂಗಿ ತೊಟ್ಟು ಬಂದರು. ಕೈಯಲ್ಲಿ ಒಂದು ಅರಿವೆ ಗಂಟು. ಚಪ್ಪಲಿ ಹೊರಗೇ ಬಿಟ್ಟರು. ಅಕ್ಕೋರು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. "ಬರ್ರಿ ಸಾಬ್ರ, ಕುಂಡ್ರಿ. ನನಗ ಪುಸ್ತಕದಾಗಿನ ಅರ್ಥ ಅಷ್ಟ ಗೊತ್ತು. ಉಳಿದದ್ದು ನೀವ ಹೇಳ್ರಿ."

ಅಬ್ಬಾ ಕೂರಲಿಲ್ಲ. ಗಂಟು ಬಿಚ್ಚಿ ಕಟ್ಟಿಗೆಯ ಎರಡು ತುಂಡು, ಒಂದು ಉಳಿ ತೆಗೆದರು.

"ನೀವು ಹೇಳಿದ್ದೂ ಖರೆ, ನನ್ನ ಮಗಳು ಹೇಳಿದ್ದೂ ಖರೆರಿ. ಬಾಜಾರದಾಗ ಪೆಟ್ಟಿಗಿ ಕಟ್ಟಿಗಿಗೆಲ್ಲಾ ದೇವದಾರ ಅಂತೀವಿ. ಈ ತುಂಡು ಅದ, ಹಗುರ. ಖರೆ ದೇವದಾರ ಬ್ಯಾರೆ, ಈ ಇನ್ನೊಂದು. ಒಂದು ಹಳೇ ಸಂದೂಕ ರಿಪೇರಿ ಮಾಡುವಾಗ ಉಳಿದಿತ್ತು, ಇಟಗೊಂಡಿದ್ದೆ."

ಆ ತುಂಡನ್ನು ಮೇಜಿನ ಮೇಲಿಟ್ಟು ಉಳಿಯಿಂದ ಕೀಸಿದರು. ಎಣ್ಣೆಯಂಥ, ಧೂಪದಂಥ ಗಮ ಹಿಂದಿನ ಸಾಲಿನವರೆಗೂ ಹೋಯಿತು.

"ಇದಕ್ಕ ಹುಳ ಹತ್ತೂದಿಲ್ಲ. ಅರಿವಿ ಇಡೂ ಸಂದೂಕ ಮಾಡ್ತಾರ, ಗುಡಿ ಬಾಗಿಲಾ ಮಾಡ್ತಾರ. ಇದರ ಎಣ್ಣಿ ದನದ ತುರಿಗೆ ಹಚ್ತಾರ."

ನಿನ್ನೆ ಎಲ್ಲರಿಗಿಂತ ಜೋರಾಗಿ ನಕ್ಕವಳೇ ಮೂಸಲು ಮೊದಲು ಕೈ ಚಾಚಿದಳು. ಅಕ್ಕೋರು ಕಣ್ಣು ಮುಚ್ಚಿ ಮೂಸಿದರು. ಆಮೇಲೆ ಹಲಗೆಯ ಮೇಲೆ ಪುಸ್ತಕದ ಅರ್ಥ ಬರೆದು, ಅದರ ಕೆಳಗೆ ಅಬ್ಬಾ ಹೇಳಿದ್ದನ್ನೆಲ್ಲ ಬರೆದರು.

ಅಬ್ಬಾ ನನ್ನ ಕಡೆ ಬಾಗಿದರು. "ಏನ ಬರದಾರವ್ವಾ?"

"ನೀವು ಹೇಳಿದ್ದ ಐತಿ, ಅಬ್ಬಾ."

ಅವರು ಆ ಹಲಗೆಯನ್ನು ಬಹಳ ಹೊತ್ತು ನೋಡಿದರು.

ಈಗ ಅಬ್ಬಾ ಇಲ್ಲ, ಅಕ್ಕೋರೂ ಇಲ್ಲ. ಹಣ್ಣು ರಟ್ಟಿನ ಡಬ್ಬಿಯಲ್ಲಿ ಬರುತ್ತದೆ. ಬಾಗಿಲುಗಳು ಪ್ಲೈವುಡ್ಡಿನವು, ಅಂಟಿನ ವಾಸನೆಯವು. ಯಾವ ಪದದ ಅರ್ಥವಾದರೂ ಮಕ್ಕಳಿಗೆ ಫೋನಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ಮುಂಡರಗಿಯ ಶಾಲೆಯೊಂದರಲ್ಲಿ ನಾನೂ ಕನ್ನಡ ಕಲಿಸುತ್ತೇನೆ. ಇಷ್ಟು ವರ್ಷಗಳಲ್ಲಿ ನನ್ನ ಕುರ್ಚಿಯನ್ನು ಒಮ್ಮೆಯೂ ಯಾರಿಗೂ ಎಳೆದು ಕೊಟ್ಟಿಲ್ಲ.