ನುಚ್ಚಿಗೆ ಕೊಂಡ ಕೂಸು

ನಮ್ಮ ಉಪಕೇಂದ್ರದ ದಾಖಲೆ ಪುಸ್ತಕದಲ್ಲಿ ಒಂದು ಕಾಲಕ್ಕೆ ಕಮಲಾ ನದಿ ದಂಡೆಯ ಮಲ್ಲಾಹರ ಕೇರಿಯ ಮಕ್ಕಳೆಲ್ಲ ಎರಡೂವರೆ ಕಿಲೋಗೇ ಹುಟ್ಟುತ್ತಿದ್ದವು. ಗಂಡಾಗಲಿ ಹೆಣ್ಣಾಗಲಿ, ದಿನ ತುಂಬಿರಲಿ ಬಿಡಲಿ, ಎರಡೂವರೆ. ಬರೆದವಳು ಆ ಕೇರಿಯ ಆಶಾ ಕಾರ್ಯಕರ್ತೆ ಸುಗಿಯಾ ದೇವಿ. ಓದಿ ಸಹಿ ಹಾಕಬೇಕಾದವಳು ನಾನು, ಉಪಕೇಂದ್ರದ ನರ್ಸು. ನಾಲ್ಕು ತಿಂಗಳು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಐದನೆಯ ತಿಂಗಳು ಅವಳನ್ನು ಕರೆಸಿದೆ.

"ಏನೇ ಸುಗಿಯಾ, ನಿಮ್ಮ ಕೇರೀಲಿ ಮಕ್ಕಳನ್ನ ಅಚ್ಚಿಗೆ ಹಾಕಿ ತೆಗೀತಾರಾ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು. "ತೂಗೋಕೆ ಯಾರು ಬಿಡ್ತಾರೆ ದೀದಿ? ತಕ್ಕಡಿ ಕಂಡ್ರೆ ಬಾಗಿಲು ಹಾಕ್ಕೋತಾರೆ. ಬುಧನಿ ಕಾಕಿ ಮನೇಲಿ ಆಗಿದ್ದು ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಆದರೂ ಬೈದೆ. ತೂಗದಿದ್ದರೆ ಜಾಗ ಖಾಲಿ ಬಿಡು, ಸುಳ್ಳು ಬರೆಯಬೇಡ ಎಂದೆ. ಮುಂದಿನ ತಿಂಗಳಿಂದ ಪುಟದ ತುಂಬ ಖಾಲಿ ಜಾಗವೇ ಬಂತು.

ಸುಗಿಯಾ ಆ ಕೇರಿಗೆ ಹದಿನೇಳಕ್ಕೆ ಸೊಸೆಯಾಗಿ ಬಂದವಳು. ಎಂಟನೆಯ ಕ್ಲಾಸಿನ ತನಕ ಓದಿದ್ದಳು. ಕೇರಿಯ ಸೊಸೆಯರಲ್ಲಿ ಕಾಗದ ಓದಬಲ್ಲವಳು ಅವಳೊಬ್ಬಳೇ ಆದ್ದರಿಂದ ಆಶಾ ಕೆಲಸ ಅವಳ ತಲೆಗೆ ಬಿತ್ತು. "ಇನ್ನು ಊರ ಬಸುರಿಯರೆಲ್ಲ ಇವಳ ಪಾಲಿಗೆ, ಒಲೆ ನನ್ನ ಪಾಲಿಗೆ," ಎಂದು ಅತ್ತೆ ನಾಲ್ಕು ಜನರ ಮುಂದೆ ಆಡಿಕೊಂಡಳಂತೆ. ಸುಗಿಯಾ ಮಾತಿಗೆ ಮಾತು ಬೆಳೆಸುವವಳಲ್ಲ. ಬೆಳಗಿನ ಜಾವವೇ ರೊಟ್ಟಿ ತಟ್ಟಿಟ್ಟು ಹೊರಡುತ್ತಿದ್ದಳು.

ಕೆಲಸದ ಜೊತೆಗೆ ಅವಳಿಗೆ ಒಂದು ಕೊಕ್ಕೆ ತಕ್ಕಡಿ ಸಿಕ್ಕಿತು. ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಅದರಲ್ಲಿ ಕೂಸನ್ನು ಮಲಗಿಸಿ ಎತ್ತಬೇಕು, ಮುಳ್ಳು ತೂಕ ತೋರಿಸುತ್ತದೆ. ಬೇರೆ ಕೇರಿಗಳಲ್ಲಿ ಇದಕ್ಕೆ ಅಷ್ಟೇನೂ ತಕರಾರು ಇರಲಿಲ್ಲ. ಮಲ್ಲಾಹರು ಕೆರೆಯಿಂದ ಮೀನು, ಮಖಾನದ ಬೀಜ ತೆಗೆದು ಬದುಕುವವರು. ಅವರ ಮನೆಯಲ್ಲಿ ಕೊಕ್ಕೆಗೆ ತೂಗುವುದು ಮಾರುವುದಕ್ಕೆ. ತೂಗಿದ ಮಾಲು ಮನೆಯಲ್ಲಿ ನಿಲ್ಲುವುದಿಲ್ಲ.

ಬುಧನಿಯ ಮೊದಲ ಮೊಮ್ಮಗಳು ಹುಟ್ಟಿದ್ದು ಪುಷ್ಯದ ಚಳಿಯಲ್ಲಿ, ಮನೆಯಲ್ಲೇ. ಸೊಸೆ ಅನಾರಳಿಗೆ ಆಗ ಹತ್ತೊಂಬತ್ತು. ಸುಗಿಯಾ ಅದೇ ದಿನ ಹೋಗಿ ಕೂಸನ್ನು ತೂಗಿದಳು. ಸಣ್ಣದಿದೆ, ಮೈ ತಣ್ಣಗಿದೆ, ಆಸ್ಪತ್ರೆಗೆ ಒಯ್ಯೋಣ ಎಂದಳು. ಬುಧನಿ, "ಛಠಿ ಆಗ್ಲಿ," ಎಂದಳು. ಛಠಿ ಎಂದರೆ ಆರನೆಯ ದಿನದ ಪೂಜೆ. ಅಲ್ಲಿಯವರೆಗೆ ಬಾಣಂತಿಯಾಗಲಿ ಕೂಸಾಗಲಿ ಬಾಣಂತಿ ಕೋಣೆಯ ಹೊಸಿಲು ದಾಟುವಂತಿಲ್ಲ. ಸುಗಿಯಾ ಎರಡು ಸಲ ಹೇಳಿದಳು, ಆಮೇಲೆ ಮನೆಗೆ ಹೋದಳು. ನಾಲ್ಕನೆಯ ದಿನ ಕೂಸು ಹೋಯಿತು. ತೂಗಿದ್ದಕ್ಕೇ ಹೋಯಿತೆಂದು ಕೇರಿ ತೀರ್ಮಾನ ಮಾಡಿತು. ಎರಡೂವರೆ ಕಿಲೋದ ಮಕ್ಕಳು ಶುರುವಾದದ್ದು ಅಲ್ಲಿಂದ.

ಮರುವರ್ಷ ಮಾಘದಲ್ಲಿ ಅನಾರಳಿಗೆ ಮತ್ತೆ ಹೆರಿಗೆಯಾಯಿತು. ದಿನ ತುಂಬಲು ಇನ್ನೂ ತಿಂಗಳಿತ್ತು. ನೋವು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೇ ಗಂಡುಕೂಸು ಸೂಲಗಿತ್ತಿ ತೇತರಿಯ ಕೈಗೆ ಬಂದಿತ್ತು. ಬೆಳಿಗ್ಗೆ ಸುಗಿಯಾ ಫೋನ್ ಮಾಡಿ, "ದೀದಿ, ನೀವೂ ಬನ್ನಿ, ನನ್ನೊಬ್ಬಳ ಮಾತು ಅಲ್ಲಿ ನಡೆಯಲ್ಲ," ಎಂದಳು. ನಾನು ಹೋದೆ.

ಬುಧನಿ ಕೋಣೆಯ ಬಾಗಿಲಿಗೆ ಅಡ್ಡವಾಗಿ ಬೆಂಕಿಯ ಮಡಕೆ ಇಟ್ಟುಕೊಂಡು ಕೂತಿದ್ದಳು. "ಒಳಗೆ ಬನ್ನಿ ನರ್ಸಮ್ಮ. ನೀನೂ ಬಾರೇ. ಆ ಕೊಕ್ಕೆ ಮಾತ್ರ ಹೊರಗಿರ್ಲಿ."

ಕೂಸಿನ ಪಾದ ಮುಟ್ಟಿದೆ. ಬಾವಿಯ ನೀರಿನಷ್ಟು ತಣ್ಣಗಿತ್ತು. ಮೊಲೆ ಬಾಯಿಗಿಟ್ಟರೆ ಹೀರುವ ಶಕ್ತಿಯಿಲ್ಲ. ಅನಾರ ಯಾರನ್ನೂ ನೋಡದೆ ಗೋಡೆ ನೋಡುತ್ತಿದ್ದಳು. ಆಸ್ಪತ್ರೆಗೆ ಈಗಲೇ ಹೊರಡಬೇಕು, ಗಾಡಿ ಕರೆಸುತ್ತೇನೆ ಎಂದೆ.

"ಛಠಿ ಆಗ್ಲಿ," ಎಂದಳು ಬುಧನಿ.

ನಾನು ಸುಗಿಯಾಳ ಕಡೆ ತಿರುಗಿದೆ. ಅವಳು ಕೂಸಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

"ಈ ಸಲ ನಾನು ಮೋಸ ಹೋಗಲ್ಲ ನರ್ಸಮ್ಮ," ಬುಧನಿ ಮುಂದುವರಿಸಿದಳು. "ಛಠಿ ದಿನ ಇವನನ್ನ ತೇತರಿಗೆ ಮಾರ್ತೀನಿ. ಹೆಸರೂ ಬೇಚನ ಅಂತ ಇಡೋದು."

ಬೇಚನ ಎಂದರೆ ಮಾರಾಟವಾದವನು. ಕೂಸು ಸತ್ತ ಮನೆಯಲ್ಲಿ ಮುಂದಿನದನ್ನು ಹಿಡಿ ನುಚ್ಚಿಗೆ ಸೂಲಗಿತ್ತಿಗೆ ಮಾರುವುದು ವಾಡಿಕೆ. ಬೆಳೆಯುವುದು ಹೆತ್ತ ಮನೆಯಲ್ಲೇ. ಆದರೆ ಮದುವೆಯ ಹೊತ್ತಿಗೆ ಕಾಣಿಕೆ ಕೊಟ್ಟು ಬಿಡಿಸಿಕೊಳ್ಳುವ ತನಕ ಅದು ಕೊಂಡವರ ಮಗು. ಸಾವು ಆ ಮನೆಯ ಮಗುವನ್ನು ಹುಡುಕಿ ಬಂದರೆ ಅಲ್ಲಿ ಆ ಮನೆಯ ಮಗುವೇ ಇರುವುದಿಲ್ಲ.

"ತೇತರಿ ಏನು ಕೊಡ್ತಾಳೆ ಕಾಕಿ?" ಸುಗಿಯಾ ಕೇಳಿದಳು.

"ಏನು ಕೊಡ್ತಾರೆ, ಒಂದು ಹಿಡಿ ನುಚ್ಚು."

"ನಾನು ಒಂದು ಮೊರ ಕೊಡ್ತೀನಿ. ಇವತ್ತೇ, ಈಗಲೇ."

"ನೋಡಿ, ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾಳೆ," ಎಂದಳು ತೇತರಿ ಮೂಲೆಯಿಂದ. ಆದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೂಸಿನ ಪಾದ ಅವಳೂ ಮುಟ್ಟಿದ್ದಳು.

ಬುಧನಿ ಯೋಚಿಸಿದಳು. ಹೆಚ್ಚು ಬೆಲೆಗೆ ಮಾರಿದರೆ ಮಾರಾಟ ಇನ್ನೂ ಗಟ್ಟಿ. ಸುಗಿಯಾಳ ಇಬ್ಬರು ಹೆಣ್ಣುಮಕ್ಕಳೂ ಚೆನ್ನಾಗಿದ್ದಾರೆ, ಕೈಗುಣ ಕೆಟ್ಟದ್ದಲ್ಲ. "ತಗೊಂಡು ಬಾ," ಎಂದಳು.

ಸುಗಿಯಾ ಓಡಿದಳು. ಅವಳು ಓಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಮೊರದ ತುಂಬ ನುಚ್ಚು ತಂದು ಬುಧನಿಯ ಸೆರಗಿಗೆ ಸುರಿದಳು. ಆಮೇಲೆ ಹೊರಗಿಟ್ಟಿದ್ದ ತಕ್ಕಡಿ ತೆಗೆದುಕೊಂಡು ಒಳಗೆ ನಡೆದಳು.

"ಏಯ್, ಅದೇನೇ?"

"ಕೊಂಡ ಮಾಲು ತೂಗಿ ನೋಡ್ಬೇಡ್ವಾ ಕಾಕಿ? ನೀವು ಯಾವತ್ತಾದ್ರೂ ತೂಗದೆ ಮೀನು ಕೊಂಡಿದ್ದೀರಾ?"

"ತೂಗಿದ್ದಕ್ಕೇ ಅಲ್ವಾ ಅವಳು ಹೋಗಿದ್ದು."

"ಅವಳು ನಿಮ್ಮನೆಯವಳು. ಇವನು ನನ್ನವನು. ಹೋದ್ರೆ ನನ್ನದು ಹೋಗುತ್ತೆ."

ಅಷ್ಟರಲ್ಲಿ ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ ಎತ್ತಿಯಾಗಿತ್ತು. ಮುಳ್ಳು ಒಂದು ಕಿಲೋ ಏಳುನೂರಕ್ಕೆ ನಿಂತಿತು. ಸುಗಿಯಾ ಕೂಸನ್ನು ಬರಿಮೈಯಲ್ಲಿ ಅನಾರಳ ಎದೆಗೊರಗಿಸಿ, ಮೇಲೆ ಕಂಬಳಿ ಸುತ್ತಿ, "ನಡಿ, ನನ್ನ ಮಾಲು ನಾನು ಒಯ್ತೀನಿ," ಎಂದಳು.

"ಕೂಸು ಮಾರಿದ್ದೀನಿ. ಸೊಸೆ ಮಾರಿಲ್ಲ," ಎಂದಳು ಬುಧನಿ.

"ಹಾಲು ಕುಡಿಯೋ ಕರು ಕೊಂಡ್ರೆ ಹಸೂನೂ ಜೊತೇಲಿ ಹೊರಡುತ್ತೆ ಬುಧನಿ," ತೇತರಿ ಕೈ ತೊಳೆಯುತ್ತ ಹೇಳಿದಳು. "ಇಷ್ಟು ವಯಸ್ಸಾಗಿದೆ, ನಾನು ಹೇಳಿಕೊಡ್ಬೇಕಾ?"

ಬುಧನಿ ಸೆರಗಿನಲ್ಲಿದ್ದ ನುಚ್ಚು ನೋಡಿದಳು. ಅದನ್ನು ಹಿಂದಕ್ಕೆ ಕೊಟ್ಟರೆ ಮಾರಾಟ ಮುರಿದಂತೆ. ಮುರಿದ ಮಾರಾಟದ ಕೂಸು ಉಳಿಯುವುದಿಲ್ಲ ಎಂದು ಅವಳೇ ಎಷ್ಟೋ ಜನಕ್ಕೆ ಹೇಳಿದ್ದಳು. ಕೊನೆಗೆ ಬೆಂಕಿಯ ಮಡಕೆಯನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದರು. ಮೊದಮೊದಲು ಕೊಳವೆಯಲ್ಲಿ ಹಾಲು ಹಾಕಿದರು, ಆಮೇಲೆ ಕೂಸು ತಾನೇ ಹೀರಿತು. ಉಳಿದಷ್ಟು ಹೊತ್ತು ತಾಯಿಯ ಎದೆಯ ಮೇಲೇ ಇತ್ತು. ತೂಕ ಎರಡು ಕಿಲೋ ಆದ ಮೇಲೆ ಮನೆಗೆ ಬಂತು. ಅಂದು ನನಗಾದ ಸಂತೋಷ ನನ್ನ ಸ್ವಂತ ಮಕ್ಕಳು ಪಾಸಾದಾಗಲೂ ಆಗಿರಲಿಲ್ಲ.

ಆಮೇಲೆ ಕೇರಿಯವರು ತಾವಾಗಿಯೇ, "ನಮ್ಮದನ್ನೂ ಕೊಂಡ್ಕೋ," ಎಂದು ಸುಗಿಯಾಳನ್ನು ಕರೆಯತೊಡಗಿದರು. ಮಾರಿದ ಮೇಲೆ ತೂಗುವುದು, ತೂಗಿದ್ದು ಕಡಿಮೆ ಬಂದರೆ ಆಸ್ಪತ್ರೆಗೆ ಒಯ್ಯುವುದು, ಇದೂ ಒಂದು ವಾಡಿಕೆಯಾಯಿತು. ಅವಳ ಚೀಲದಲ್ಲಿ ತಕ್ಕಡಿಯ ಜೊತೆ ನುಚ್ಚಿನ ಗಂಟೂ ಸೇರಿತು. "ಊರ ಮಕ್ಕಳೆಲ್ಲ ಇವಳವೇ, ನನ್ನ ಮನೆಗೊಂದು ಗಂಡುಕೂಸು ಮಾತ್ರ ಇಲ್ಲ," ಎಂದು ಅತ್ತೆ ಸಾಯುವ ತನಕ ಚುಚ್ಚಿದಳು. ದಾಖಲೆ ಪುಸ್ತಕದಲ್ಲಿ ಎರಡು ಮುನ್ನೂರು, ಎರಡು ಒಂಬೈನೂರು, ಒಂದು ಎಂಟುನೂರು ಎಂದು ಬರತೊಡಗಿತು. ಓದಿ ಸಹಿ ಹಾಕಿದೆ.

ಬೇಚನನಿಗೆ ಈಗ ಹನ್ನೆರಡು. ಹೋದ ಚಳಿಗಾಲದಲ್ಲಿ ನಾನು ಸುಗಿಯಾಳ ಜಗುಲಿಯಲ್ಲಿ ಕೂತು ಅವಳ ಪುಸ್ತಕ ನೋಡುತ್ತಿದ್ದಾಗ ಬುಧನಿ ಕೋಲೂರಿಕೊಂಡು ಬಂದಳು. ಕಂಕುಳಲ್ಲಿ ಒಂದು ಬಟ್ಟೆ ಗಂಟು.

"ಮದುವೆ ತನಕ ನಾನಿರಲ್ಲ ಕಣೇ. ಮೊಮ್ಮಗನನ್ನ ಬಿಡಿಸ್ಕೊಂಡು ಹೋಗ್ತೀನಿ. ಅವತ್ತು ಅವನು ಎಷ್ಟು ತೂಗಿದ್ನೋ ಅಷ್ಟೇ ನುಚ್ಚು ತಂದಿದ್ದೀನಿ. ನೋಡ್ಕೋ."

ಸುಗಿಯಾ ನಕ್ಕು ಗಂಟನ್ನು ಕೊಕ್ಕೆಗೆ ಸಿಕ್ಕಿಸಿದಳು. ಒಂದು ಕಿಲೋ ಏಳುನೂರು. ಬುಧನಿ ಗಂಟಿನ ಕೆಳಗೆ ಅಂಗೈ ಒಡ್ಡಿ, ಭಾರ ನೋಡುವವಳಂತೆ ಸ್ವಲ್ಪ ಹೊತ್ತು ಹಿಡಿದುಕೊಂಡಳು.

"ಮೊದಲನೆಯವಳು ಎಷ್ಟಿದ್ಲು?"

ಸುಗಿಯಾಳ ನಗು ಹೋಯಿತು. ಹಳೆಯ ಪುಸ್ತಕ ತೆಗೆಯುವ ಅಗತ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಸುಳ್ಳು ಎರಡೂವರೆಗಳು ಶುರುವಾಗುವ ಮೊದಲು ಅಲ್ಲಿ ಬರೆದಿದ್ದ ಕೊನೆಯ ನಿಜವಾದ ತೂಕ ಅದು.

"ಎರಡು ಕಿಲೋ ನೂರು, ಕಾಕಿ."

ಬುಧನಿ ತಕ್ಕಡಿಯ ಮುಳ್ಳಿನ ಕಡೆ ನೋಡಿದಳು.

"ಹಾಗಾದ್ರೆ ಇವನಿಗಿಂತ ದಪ್ಪ ಇದ್ಲು."

"ಹೂಂ."

"ನೀನು ಎರಡು ಸಲ ಹೇಳ್ದೆ. ನಾನು ಕೇಳ್ಲಿಲ್ಲ."

ಸುಗಿಯಾ ಗಂಟನ್ನು ಕೊಕ್ಕೆಯಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಳು.

"ಮೂರನೇ ಸಲ ನಾನು ಹೇಳ್ಲಿಲ್ಲ ಕಾಕಿ," ಎಂದಳು.