ಕಲ್ಲಾದ ಗೋಧಿ ಹಾಲು

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅತ್ತೆ ನನ್ನನ್ನು ಕಂಪ್ಲಿಯಿಂದ ತವರಿಗೆ ಅಟ್ಟಲು ಹೊರಟದ್ದು ಒಂದು ಪಾತ್ರೆ ಗೋಧಿ ಹಾಲಿನ ಸಲುವಾಗಿ. ಊರು ಆಗಿನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಪಾತ್ರೆ ಹಿತ್ತಾಳೆಯದು ಎಂದು ನನ್ನ ನೆನಪು. ನಾದಿನಿ ಮಣ್ಣಿನದು ಎನ್ನುತ್ತಾಳೆ. ಅದರೊಳಗೆ ಏನಾಯಿತು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ನೆನೆಸಿದ ಗೋಧಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ರಾತ್ರಿ ಮುಚ್ಚಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿನೀರು ಬಸಿದು, ಉಳಿದದ್ದನ್ನು ಕುದಿಸಿ ಸಂಡಿಗೆ ಹಾಕಬೇಕು. ಬಸಿಯುವ ಕೆಲಸ ನನಗೆ ಬಂತು. ಹೊಸ ಸೊಸೆಯ ಹುರುಪು; ನೀರಿನ ಹನಿಯೂ ಉಳಿಯದಂತೆ ಬಸಿದುಬಿಟ್ಟೆ.

ಅತ್ತೆ ಸೌಟು ಹಾಕಿದರು. ಮೆಲ್ಲಗೆ ಒಳಗಿಳಿಯಿತು. ತಿರುವಿದರೆ ಅಲುಗಲಿಲ್ಲ. ಜಗ್ಗಿದರು. ಸೌಟಿನ ಜೊತೆ ಪಾತ್ರೆಯೇ ಸಿಂಬಿ ಬಿಟ್ಟು ಮೇಲೆದ್ದಿತು.

"ಹಾಲು ಹೋಗಿ ಹಂಪಿ ಬಂಡಿಗಲ್ಲು ಆಗೇತಲ್ಲ," ಎಂದು ನಾದಿನಿ ನಕ್ಕಳು.

ಅತ್ತೆ ನಗಲಿಲ್ಲ. ಮುಟ್ಟಾದವಳ ನೆರಳು ಬಿದ್ದರೂ ಸಂಡಿಗೆಯ ಹಾಲು ಕೆಡುತ್ತದೆ ಎಂದು ನಂಬಿದ ಮನೆ ಅದು.

"ಹೊರಗ ಆಗಿ, ಹೇಳದ ಮುಟ್ಟೀಯೇನು? ಖರೆ ಹೇಳು."

"ಇಲ್ರೀ ಅತ್ತಿ."

"ಇಷ್ಟ ವರ್ಷ ನನ್ನ ಕೈಯಾಗ ಹಿಂಗ ಆಗಿಲ್ಲ. ಸಾಲಿ ಕಲ್ತಾಕಿ, ಮಡಿ ಮೈಲಿಗಿ ನಿನಗ್ಯಾಕ ಬೇಕು? ಇದನ್ನ ಎಮ್ಮಿಗೆ ಹಾಕು. ನಾಳೆ ಗಾಡಿ ಕಟ್ಟಸ್ತೀನಿ, ಹೊಸಪ್ಯಾಟಿಗೆ ನಡಿ. ನಿಮ್ಮವ್ವ ಕಲಿಸಿ ಕಳಿಸ್ಲಿ."

ಸುಳ್ಳು ಹೇಳಿ ಅಡುಗೆಮನೆ ಕೆಡಿಸಿದವಳು ಎಂಬ ಮಾತು ಗಾಡಿಗಿಂತ ಮೊದಲೇ ತವರು ಮುಟ್ಟುತ್ತಿತ್ತು. ಮರಳಿ ಬಂದರೂ ನನ್ನ ಕೈಯಿಂದ ಒಂದು ಲೋಟ ನೀರು ಇಸಿದುಕೊಳ್ಳಲೂ ಅನುಮಾನಿಸುತ್ತಿದ್ದರು.

ಕಣ್ಣು ತುಂಬಿ ಬಂತು ಎಂದು ಬರೆದರೆ ಒಪ್ಪವಾಗುತ್ತದೆ. ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ನೆನಪಿರುವುದು ಸೌಟು. ಅತ್ತೆ ಕೈಬಿಟ್ಟ ಸೌಟು ಗೂಟದಂತೆ ನಿಂತಿತ್ತು. ನೋಡುತ್ತಿದ್ದಂತೆ ಅದು ತಾನಾಗಿ ವಾಲಿತು, ವಾಲಿ ಅಂಚಿಗೆ ಒರಗಿತು. ಕಲ್ಲಿನಲ್ಲಿ ನೆಟ್ಟದ್ದು ಹೀಗೆ ವಾಲೀತೇ? ಬೆರಳಿಟ್ಟೆ. ಮೆತ್ತಗೆ ಒತ್ತಿದರೆ ಬೆರಳು ಮುಳುಗಿತು. ಗುದ್ದಿದರೆ ಗೆಣ್ಣು ನೊಂದಿತು.

"ಮತ್ತ ಮುಟ್ತೀಯಲ್ಲ," ಎಂದರು ಅತ್ತೆ.

"ಇದು ನನ್ನ ಕೈಯಿಂದ ಆಗಿದ್ದಲ್ರೀ. ನೀವ ಮಾಡಿ ನೋಡ್ರಿ. ನಾನು ಅಂಗಳದಾಗ ನಿಂದರ್ತೀನಿ, ನನ್ನ ನೆರಳೂ ಒಳಗ ಬೀಳಂಗಿಲ್ಲ."

ಕೂಸುಗಳ ಹೊಟ್ಟೆ ಕೆಟ್ಟಾಗ ಕಾಯಿಸಿ ಕೊಡುವ ಆರಾರೂಟ್ ಹಿಟ್ಟಿನ ಡಬ್ಬಿಯನ್ನು ಅತ್ತೆ ತಮ್ಮ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನಾನು ಅದನ್ನು ಎಂದೂ ಮುಟ್ಟಿರಲಿಲ್ಲ. ಅದಕ್ಕೇ ಅದನ್ನು ತೆಗೆಯಿರಿ ಎಂದೆ. ಅದೂ ಗೋಧಿ ಹಾಲಿನಂತೆಯೇ ನಡೆದುಕೊಳ್ಳುತ್ತದೆ ಎಂಬುದು ಬರಿಯ ಊಹೆ. ಬಿಸಿಲಲ್ಲಿ ನಿಂತು ಹೇಳುತ್ತಾ ಹೋದೆ: "ಬಟ್ಟಲಿಗೆ ಹಾಕ್ರಿ. ನೀರು ಭಾಳ ಬ್ಯಾಡ, ಕಲಸಾಕ ಬರೋವಷ್ಟ."

ಸೊಸೆಯ ಸುಳ್ಳನ್ನು ಹಿಡಿದೇ ಬಿಡುವ ಸಿಟ್ಟಿನಿಂದ ಅತ್ತೆ ಕಲಸಿದರು.

"ಈಗ ಗುದ್ರಿ."

ಗುದ್ದಿದರು. ಒಂದು ಹನಿ ಸಿಡಿಯಲಿಲ್ಲ. ಅತ್ತೆ ಮುಷ್ಟಿಯನ್ನು ತಿರುಗಿಸಿ ನೋಡಿಕೊಂಡರು.

"ಜಲ್ದಿ ಜಲ್ದಿ ಉಂಡಿ ಕಟ್ರಿ."

ಉಂಡೆಯಾಯಿತು. ಕೈ ನಿಂತ ಕೂಡಲೇ ಅದು ಅಂಗೈಯಲ್ಲೇ ಸಡಿಲಾಗಿ, ಬೆರಳ ಸಂದಿಯಿಂದ ಹಾಲಾಗಿ ಸುರಿಯಿತು.

ನಾದಿನಿ ಬಾಗಿಲಿಗೆ ಒರಗಿ ನಿಂತಿದ್ದಳು. "ಯವ್ವಾ, ಈ ವಯಸ್ಸಿನಾಗ ನೀನೂ ಹೊರಗ ಆಗೀಯೇನು?"

"ಬಾಯಿ ಮುಚ್ಚಲೇ," ಎಂದರು ಅತ್ತೆ. ಆದರೆ ಕೈ ಸುಮ್ಮನಿರಲಿಲ್ಲ. ಮತ್ತೆ ಕಟ್ಟಿದರು, ಮತ್ತೆ ಸುರಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ ಕರೆದರು: "ಬಿಸಲಾಗ ಯಾಕ ನಿಂತೀ? ಒಳಗ ಬಾ. ಆ ಹಾಲಿಗಿ ನೀರು ಹಾಕಿ ನೀನ ತಿರುವು. ಮೆತ್ತಗ."

ಮೆತ್ತಗೆ ತಿರುವಿದೆ. ಹಾಲು ಬಿಟ್ಟುಕೊಂಡಿತು, ಒಲೆಯೇರಿತು. ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ತುಂಬ ಬೆಳ್ಳಗೆ ಸಂಡಿಗೆ. ಗಾಡಿಯ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಸಂಜೆ ನೆರೆಮನೆಯಾಕೆ ಬಂದಾಗ ಅತ್ತೆ ಬಟ್ಟಲನ್ನು ಮುಂದೆ ತಳ್ಳಿ, "ಗುದ್ದು ನೋಡೂಣು," ಎಂದರು. ಇದನ್ನು ಕಂಡುಹಿಡಿದವಳು ನನ್ನ ಸೊಸಿ ಎಂದೂ ಹೇಳಿದರೆಂದು ನಾನು. ತಾವೇ ಕಂಡುಹಿಡಿದದ್ದು ಎಂದರೆಂದು ನಾದಿನಿ. ಆ ಜಗಳ ಇನ್ನೂ ಮುಗಿದಿಲ್ಲ.

ಮರುವರ್ಷ ಹಾಲು ಬಸಿಯುವ ಬೆಳಿಗ್ಗೆ ಅತ್ತೆ ನಾದಿನಿಯನ್ನು ಕೇಳಿದರು, ಹೊರಗ ಆಗೀಯೇನು ಎಂದು. ನನ್ನನ್ನು ಕೇಳಲಿಲ್ಲ. ಪಾತ್ರೆಯನ್ನು ನನ್ನ ಮುಂದಿಟ್ಟು ಸೌಟು ತರಲು ಹೋದರು.