ನಮ್ಮ ಬಿಲ್ಡಿಂಗಿಗೆ ಡೀಸೆಲ್ ಎಂಜಿನ್ನಿನ ಬಣ್ಣ

ನನಗೊಂದು ಹುಚ್ಚಿದೆ, ಹೇಳಿಯೇ ಬಿಡುತ್ತೇನೆ. ರೈಲಿನ ಹಳೇ ಡೀಸೆಲ್ ಎಂಜಿನ್ನುಗಳ ಬಣ್ಣ ಕಂಡರೆ ಮೈಮರೆಯುತ್ತೇನೆ. ಉಳಿದವರು ತಮ್ಮ ಬೋಗಿ ಹುಡುಕುವಾಗ ನಾನು ಪ್ಲ್ಯಾಟ್‌ಫಾರ್ಮಿನ ತುದಿಗೆ ಓಡುವವ. ಆಗೆಲ್ಲ ಒಂದೊಂದು ಊರಿನ ಎಂಜಿನ್ ಶೆಡ್ಡಿಗೆ ಒಂದೊಂದು ಬಣ್ಣ ಮಾರಾಯ್ರೆ! ಒಂದು ಚಮಚ ಬಾಯಿಗಿಟ್ಟರೆ ಯಾವ ಹೋಟೆಲಿನದೆಂದು ತಿಳಿಯುವ ಸಾಂಬಾರಿನ ಹಾಗೆ, ನೋಡಿದ ಕೂಡಲೇ ಎಂಜಿನ್ನಿನ ಊರು ಹೇಳಬಹುದಿತ್ತು. ಅವುಗಳಲ್ಲೂ ನನ್ನ ಜೀವ ಆ ಹಳೇ ಗಾಢ ಕೆಂಪು, ಸೊಂಟಕ್ಕೊಂದು ಹಳದಿ ಪಟ್ಟಿ. ಈಗ ಕೊಂಕಣದ ಹಳಿಗೂ ಕರೆಂಟು ಬಂತು, ಡೀಸೆಲ್ಲು ಕಾಣುವುದೇ ಅಪರೂಪ.

ಹೋದ ತಿಂಗಳು ಮಲಾಡಿನಿಂದ ದಾದರಿಗೆ ಲೋಕಲ್‌ನಲ್ಲಿ ಹೋಗುತ್ತಿದ್ದೆ. ಬಾಂದ್ರಾ ಯಾರ್ಡಿನಲ್ಲಿ ನಿಂತಿದೆ, ಅದೇ ಕೆಂಪು, ಅದೇ ಪಟ್ಟಿ! ಯಾರೋ ಪುಣ್ಯಾತ್ಮರು ಮುದಿ ಎಂಜಿನ್ನಿಗೆ ಹಳೇ ಬಣ್ಣವನ್ನೇ ಹೊಸದಾಗಿ ಬಳಿದಿದ್ದರು. "ಅಯ್ಯೋ, ಅಲ್ಲಿ ನೋಡಿ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದವರು ಜೇಬು ಮುಟ್ಟಿ ನೋಡಿಕೊಂಡರು.

ಅದೇ ವಾರ ನಮ್ಮ ಸೊಸೈಟಿಯಲ್ಲಿ ಬಿಲ್ಡಿಂಗಿಗೆ ಬಣ್ಣ ಹೊಡೆಸುವ ಮಾತೆದ್ದಿತು. ಆರಿಸಿಕೊಳ್ಳಲೆಂದು ಪೇಂಟರ್ ಹಿಂದಿನ ಗೋಡೆಗೆ ಮೂರು ತೇಪೆ ಬಳಿದಿದ್ದ. ಮೂರೂ ತಣ್ಣಗಾದ ಗಂಜಿಯ ಬಣ್ಣ. ನಾನು ಅವನ ಗಲ್ಲ ಹಿಡಿದು ನಾಲ್ಕನೆಯದನ್ನು ಹಾಕಿಸಿದೆ: ಎಂಜಿನ್ ಕೆಂಪು, ನಡುವೆ ಹಳದಿ. ದಿನಾ ಸಂಜೆ ಮನೆಗೆ ಬರುವಾಗ ಆ ಬಣ್ಣ ಎದುರಾಗಬೇಕು, ನನಗೆ ಅಷ್ಟೇ ಬೇಕಿತ್ತು.

ಹೆಂಡತಿ ಸುಮತಿ ಹಣೆ ಚಚ್ಚಿಕೊಂಡಳು. "ನಿಮಗೆ ಮಂಡೆ ಸಮ ಉಂಟಾ? ಜನ ಟಿಕೇಟು ಕೇಳ್ಲಿಕ್ಕೆ ಬರ್ತಾರೆ."

ಭಾನುವಾರ ಮೀಟಿಂಗು. ಆ ಕೆಂಪು ಬಿಸಿಲಿಗೆ ಹೇಗೆ ಮಾಗುತ್ತದೆ, ಮಳೆಗೆ ಹೇಗೆ ಹೊಳೆಯುತ್ತದೆ ಎಂದು ಉಸಿರು ಬಿಡದೆ ಹೇಳಿದೆ. ಸೆಕ್ರೆಟರಿ ಶಿಂದೆ, "ಶೆಟ್ಟಿಜೀ, ಬಿಲ್ಡಿಂಗ್ ಹೈ, ಗಾಡಿ ನಹೀಂ" ಎಂದರು. ಎಲ್ಲ ಘೊಳ್ಳೆಂದು ನಕ್ಕರು. ಕೈಯೆತ್ತಿಸಿದಾಗ ಗಂಜಿ ಬಣ್ಣಕ್ಕೆ ಕೈಗಳೋ ಕೈಗಳು. ಕೆಂಪಿಗೆ ನನ್ನದೊಂದೇ. ಎತ್ತಿದ ಕೈ ಹಾಗೇ ಹಿಡಿದು ನಿಂತೆ.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ತಿರುಗಿದರೆ ಸುಮತಿ, ಕೈ ನೆಟ್ಟಗೆ ಮೇಲೆ!

"ಸುಮತಿ ವಹಿನಿ, ಒಂದು ಫ್ಲ್ಯಾಟಿಗೆ ಒಂದೇ ವೋಟು" ಎಂದರು ಶಿಂದೆ. ಅವಳು ಕೈ ಇಳಿಸಲಿಲ್ಲ.

ಮೆಟ್ಟಿಲು ಹತ್ತುವಾಗ ಕೇಳಿದೆ, "ನಿನಗೂ ಆ ಬಣ್ಣ ಇಷ್ಟವಾ?"

"ಛೀ, ಕಂಡ್ರೆ ಆಗುದಿಲ್ಲ. ಆದ್ರೆ ನೀವು ಒಬ್ರೇ ಕೈಯೆತ್ತಿ ನಿಂತದ್ದು ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ."

ಘಾಟಿ ಹತ್ತುವ ಗಾಡಿಗೆ ಹಿಂದಿನಿಂದ ದೂಡಲೂ ಒಂದು ಎಂಜಿನ್ ಕಟ್ಟುತ್ತಾರೆ. ಇಷ್ಟು ವರ್ಷ ಬಣ್ಣ ಬಣ್ಣ ಎಂದು ಓಡಿದವ ನಾನು, ಅದರ ಬಣ್ಣ ಯಾವುದೆಂದು ಒಮ್ಮೆಯೂ ನೋಡಿರಲಿಲ್ಲ.